ಸೀಸ ಕೆಳಗೆ ಬರಬೇಕಲ್ಲ ಮಾರಾಯ್ರೆ

ಹೊಸದಾಗಿ ಹ್ಯಾಮ್ ಲೈಸೆನ್ಸ್ ಸಿಕ್ಕಿದವರು ನನ್ನ ಹತ್ತಿರ ಮೊದಲು ಕೇಳುವುದು ಯಾವ ರೇಡಿಯೋ ತಗೊಳ್ಳಲಿ ಅಂತ. ಆಮೇಲೆ ಕೇಳುವುದು ಆಂಟೆನಾದ ತಂತಿ ಕಟ್ಟಲಿಕ್ಕೆ ಟವರ್ ಹಾಕಿಸಬೇಕಾ ಅಂತ. ಉಡುಪಿ ಕಡೆಯವರು ಯಾಕೆ ಟವರ್ ಬಗ್ಗೆ ಕೇಳುತ್ತಾರೋ ನನಗಂತೂ ಅರ್ಥವಾಗುವುದಿಲ್ಲ. ಹಿತ್ತಿಲಲ್ಲಿ ಹೆಬ್ಬಲಸು ನಿಂತಿರುತ್ತದೆ, ಗುಡ್ಡೆಯಲ್ಲಿ ಕಾಟು ಮಾವು ಇರುತ್ತದೆ. ಅದನ್ನು ಬಿಟ್ಟು ಕಬ್ಬಿಣದ ಟವರ್ ಹಾಕಿಸಿ, ನಮ್ಮ ಮಳೆಗೆ ಅದು ತುಕ್ಕು ಹಿಡಿಯುವುದನ್ನು ನೋಡುತ್ತಾ ಕೂರಬೇಕಾ? ಮರಕ್ಕೆ ಪೇಂಟ್ ಹೊಡೆಯುವ ಖರ್ಚು ಇಲ್ಲ.

ಹ್ಯಾಮ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಹವ್ಯಾಸಿ ರೇಡಿಯೋ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದವರು ಲೈಸೆನ್ಸ್ ಕೊಡುತ್ತಾರೆ. ಅದಕ್ಕೊಂದು ಪರೀಕ್ಷೆ ಉಂಟು. ಪಾಸಾದರೆ ಒಂದು ಕರೆಸಂಕೇತ ಸಿಗುತ್ತದೆ. ನನ್ನದು ವಿಯು3ಯಿಂದ ಶುರುವಾಗುತ್ತದೆ, ನಮ್ಮವರದ್ದು ವಿಯು2ಯಿಂದ. ಅವರಿಗೆ ಮೋರ್ಸ್, ಅಂದರೆ ಉದ್ದ ಗಿಡ್ಡ ಸದ್ದುಗಳ ಸಂಕೇತ ಭಾಷೆ, ಬರುತ್ತದೆ, ನನಗೆ ಬರುವುದಿಲ್ಲ. ಆದರೆ ಮರದ ಮೇಲೆ ಹಗ್ಗ ಹಾಕುವ ಕೆಲಸ ಮಾತ್ರ ನಮ್ಮ ಮನೆಯಲ್ಲಿ ಯಾವತ್ತೂ ನನ್ನದೇ. ದಾರ ಕಟ್ಟಿದ ಸೀಸದ ತುಂಡನ್ನು ಕ್ಯಾಟರ್‌ಬಿಲ್ಲಿನಲ್ಲಿ ಕೊಂಬೆಯ ಮೇಲಿಂದ ಹಾರಿಸಿ, ಸೀಸ ಆಚೆ ಇಳಿದ ಮೇಲೆ ಆ ದಾರದಲ್ಲಿ ಹಗ್ಗ ಎಳೆದುಕೊಳ್ಳುವುದು. ಸಣ್ಣವಳಿರುವಾಗ ಹೊಡೆದು ಉದುರಿಸಿದ ಮಾವಿನಕಾಯಿಗಳ ಪುಣ್ಯ.

ಇಷ್ಟೆಲ್ಲ ಎತ್ತರ ಯಾಕೆ ಬೇಕು? 40 ಮೀಟರ್ ಬ್ಯಾಂಡ್ ತಗೊಳ್ಳಿ, ಅಂದರೆ ಒಂದು ಅಲೆಯ ಉದ್ದ ಸುಮಾರು 40 ಮೀಟರ್ ಇರುವ ರೇಡಿಯೋ ತರಂಗಗಳು. ನಮ್ಮ ದೇಶದಲ್ಲಿ ಅದು 7.0ರಿಂದ 7.2 ಮೆಗಾಹರ್ಟ್ಸ್. 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅರ್ಧ ಅಲೆಯ ಡೈಪೋಲಿನ, ಅಂದರೆ ನಡುವಿನಿಂದ ಕೇಬಲ್ ಇಳಿಯುವ ತಂತಿ ಆಂಟೆನಾದ, ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್, ಅಂದರೆ 66 ಅಡಿ ತಂತಿ. ಅದನ್ನು 10 ಮೀಟರ್ ಎತ್ತರದಲ್ಲಿ ಕಟ್ಟಿದರೆ ಸಿಗ್ನಲ್ ಹೆಚ್ಚಾಗಿ ನೆತ್ತಿಯ ಕಡೆ ಹೋಗಿ, ಮೇಲಿನ ಅಯಾನುಗೋಳಕ್ಕೆ (ರೇಡಿಯೋ ಅಲೆಯನ್ನು ವಾಪಸ್ ಕಳಿಸುವ ವಾತಾವರಣದ ಪದರಕ್ಕೆ) ತಾಗಿ ಕೆಳಗೆ ಬರುತ್ತದೆ. ಬೆಂಗಳೂರು, ಕೇರಳ, ಗೋವಾ ಜೊತೆ ಬೆಳಿಗ್ಗೆ ಮಾತಾಡಲಿಕ್ಕೆ ಅದು ಧಾರಾಳ ಸಾಕು. ಅದೇ 10 ಮೀಟರ್ ಎತ್ತರದಲ್ಲಿ 20 ಮೀಟರ್ ಬ್ಯಾಂಡಿನ ತಂತಿ ಇದ್ದರೆ ಕಥೆ ಬೇರೆ. ಅಲ್ಲಿ 10 ಮೀಟರ್ ಅಂದರೆ ಅರ್ಧ ಅಲೆ. ಸಿಗ್ನಲ್ 30 ಡಿಗ್ರಿ ಆಸುಪಾಸಿನಲ್ಲಿ ದಿಗಂತದ ಕಡೆ ಬಾಗಿ ಹೋಗುತ್ತದೆ, ಸಂಜೆ ಹೊತ್ತು ಯುರೋಪಿನವರು ಕೇಳುತ್ತಾರೆ. ನಮ್ಮೂರಿನಿಂದ ಯುರೋಪ್ ಹೆಚ್ಚುಕಡಿಮೆ ವಾಯುವ್ಯಕ್ಕೆ, ಆಸ್ಟ್ರೇಲಿಯಾ ಆಗ್ನೇಯಕ್ಕೆ. ಸಿಗ್ನಲ್ ಜಾಸ್ತಿ ಹೋಗುವುದು ತಂತಿಯ ಎರಡು ಮಗ್ಗುಲಿಗೆ, ಹಾಗಾಗಿ ತಂತಿಯನ್ನು ಈಶಾನ್ಯದಿಂದ ನೈಋತ್ಯಕ್ಕೆ ಎಳೆದರೆ ಒಂದೇ ತಂತಿಗೆ ಎರಡೂ ಸಿಗುತ್ತವೆ. ವಾಸ್ತು ನೋಡುವ ನಮ್ಮ ಅತ್ತೆಗೆ ಈ ಲೆಕ್ಕ ಕೂಡಲೇ ಅರ್ಥವಾಯಿತು.

ಹಾಗಾಗಿ ಬೇಕಾದ್ದು ಎರಡು ಮರ, ಸರಿಯಾದ ದಿಕ್ಕಿನಲ್ಲಿ, ಸರಿಯಾದ ದೂರದಲ್ಲಿ. ಮರ ಬೇಕಾದಷ್ಟು ಉಂಟು. ಆದರೆ ಎಲ್ಲ ಮರವೂ ಆಗುವುದಿಲ್ಲ.

ತೆಂಗು ಎಲ್ಲರ ಕಣ್ಣಿಗೆ ಮೊದಲು ಬೀಳುತ್ತದೆ. ನನ್ನ ಪ್ರಕಾರ ಕೊನೆಗೆ ನೋಡಬೇಕಾದ ಮರ ಅದು. ಅದಕ್ಕೆ ಗೆಲ್ಲೇ (ಕೊಂಬೆಯೇ) ಇಲ್ಲ, ಇರುವುದು ಮಡಲು (ಗರಿ). ಮಡಲಿನ ಮೇಲೆ ಹಾಕಿದ ಹಗ್ಗ ಆ ಮಡಲು ಒಣಗಿ ಬೀಳುವವರೆಗೆ ಮಾತ್ರ. ಬೀಳುವಾಗ ತಂತಿಯನ್ನೂ ಕರ್ಕೊಂಡೇ ಬೀಳುತ್ತದೆ. ಕಾಯಿ ತೆಗೆಯಲು ಬರುವವರ ಹತ್ತಿರ ಹೇಳಿ ತಲೆಯ ಕೆಳಗೆ ಸುತ್ತ ಕಟ್ಟಿಸಬಹುದು. ಆದರೆ ಮುಂದಿನ ಸಲ ಅವರು ಹತ್ತುವಾಗ ಆ ಹಗ್ಗ ಅವರ ಕಾಲಿಗೇ ಅಡ್ಡ. ಅಡಿಕೆ ಇನ್ನೂ ಸಪೂರ, ಗಾಳಿಗೆ ತುದಿ ಆಚೆ ಈಚೆ ಎಷ್ಟು ಬಾಗುತ್ತದೆ ಅಂತ ಜೂನ್‌ನಲ್ಲಿ ತೋಟದಲ್ಲಿ ನಿಂತು ನೋಡಿದವರಿಗೇ ಗೊತ್ತು.

ಒಳ್ಳೆಯದು ಅಂದರೆ ಹಲಸು, ಕಾಟು ಮಾವು, ಹೆಬ್ಬಲಸು, ಪಾಲೆ (ಹಾಲೆ ಮರ). ಹಲಸಿನ ಗೆಲ್ಲು ಗಟ್ಟಿ, ತೊಗಟೆ ಒರಟು. ಹೆಬ್ಬಲಸು ನೆಟ್ಟಗೆ ಹೋಗುತ್ತದೆ, ಮೊದಲ ಗೆಲ್ಲೇ ಬಹಳ ಮೇಲೆ. ಕಾಟು ಮಾವಿನಲ್ಲಿ ಕೆಂಪಿರುವೆ ಗೂಡು ಇರುತ್ತದೆ, ಹಗ್ಗ ಹಿಡಿದುಕೊಂಡೇ ಇಳಿದು ಬರುತ್ತವೆ. ಪಾಲೆ ನನಗೆ ತುಂಬ ಇಷ್ಟ. ಅದರ ಗೆಲ್ಲುಗಳು ಒಂದೇ ಮಟ್ಟದಲ್ಲಿ ಸುತ್ತಲೂ ಹೊರಡುತ್ತವೆ. ಒಂದು ತಪ್ಪಿದರೆ ಪಕ್ಕದ್ದರ ಮೇಲಾದರೂ ಬೀಳುತ್ತದೆ.

ನಮ್ಮೂರಿನಲ್ಲಿ ಎಲ್ಲಕ್ಕಿಂತ ಎತ್ತರದ ಮರ ಇರುವುದು ನಾಗಬನದಲ್ಲಿ. ಯಾವ ಊರಿಗೆ ಹೋದರೂ ಬಹುಶಃ ಹಾಗೆಯೇ, ಅಲ್ಲಿ ಯಾರೂ ಕತ್ತಿ ಹಾಕುವುದಿಲ್ಲವಲ್ಲ. ಮಂಗಳೂರಿನ ಒಬ್ಬರು ಹ್ಯಾಮ್ ಮನೆಗೆ ಬಂದಿದ್ದಾಗ ಅದನ್ನು ನೋಡಿ, "ಅಬ್ಬ, ಇಂಥಾ ಮರ ಬಿಟ್ಟು ನೀವು ಈ ಮಾವಿನ ಮರಕ್ಕೆ ಕಟ್ಟಿದ್ದೀರಲ್ಲ!" ಅಂದರು. ಅಲ್ಲಿಗೆ ಸೀಸ ಹೊಡೆಯುವ ಧೈರ್ಯ ನಿಮಗುಂಟಾ ಅಂತ ಕೇಳಿದೆ. ಅವರೂ ಬೆಳ್ತಂಗಡಿ ಕಡೆಯವರು, ನಕ್ಕು ಸುಮ್ಮನಾದರು.

ಈಗ ಹೊಡೆಯುವ ವಿಚಾರ. ಕ್ಯಾಟರ್‌ಬಿಲ್ಲಿಗೆ ಪೇರಳೆ ಕವೆಯೇ ಆಗಬೇಕು. ಮಕ್ಕಳು ಇಂದಿಗೂ ಅದನ್ನೇ ಹುಡುಕುತ್ತಾರೆ. ಸೀಳುವುದಿಲ್ಲ, ಕೈಗೆ ಹಿಡಿತವೂ ಚೆನ್ನಾಗಿರುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಹಕ್ಕಿ ಓಡಿಸಲಿಕ್ಕೆ ಸಾಕು, 50 ಗ್ರಾಂ ಸೀಸ ಎತ್ತಲಿಕ್ಕೆ ಸಾಕಾಗುವುದಿಲ್ಲ. ಮೆಡಿಕಲ್‌ನಲ್ಲಿ ಸಿಗುವ ಲ್ಯಾಟೆಕ್ಸ್ ಟ್ಯೂಬ್ ಹಾಕಿ. ಬಿಸಿಲಿಗೆ ಇಡಬೇಡಿ, ಮೇಲೆ ಸಣ್ಣ ಬಿರುಕು ಕಂಡರೆ ಬಿಸಾಡಿ. ಪೂರ್ತಿ ಎಳೆದಾಗ ತುಂಡಾದರೆ ಕಣ್ಣಿಗೇ ಬರುತ್ತದೆ. ಅಮೆರಿಕದಲ್ಲಿ ಮರ ಸವರುವ ಕೆಲಸದವರು 8 ಅಡಿ ಕೋಲಿನ ತುದಿಗೆ ದೊಡ್ಡ ಕವೆ ಕೂರಿಸಿ, ಕೋಲನ್ನು ನೆಲಕ್ಕೆ ಊರಿ, ಎರಡೂ ಕೈಯಲ್ಲಿ ಎಳೆದು 300, 400 ಗ್ರಾಂ ಚೀಲವನ್ನೇ ಮೇಲೆ ಕಳಿಸುತ್ತಾರೆ. ಬಿದಿರಿನಲ್ಲಿ ಅಂಥದ್ದೊಂದನ್ನು ನಾವೂ ಮಾಡಿಕೊಂಡಿದ್ದೇವೆ. ಹೆಬ್ಬಲಸಿಗೆ ಅದೇ.

ಸೀಸ, ಅದಕ್ಕೆ ಕಟ್ಟುವ ತಂಗೂಸಿ (ಗಾಳದ ನೈಲಾನ್ ದಾರ) ಎರಡೂ ಮಲ್ಪೆಯಲ್ಲಿ ಸಿಗುತ್ತವೆ. ಬಂದರಿನ ಹತ್ತಿರ ಬಲೆ, ಹಗ್ಗ ಮಾರುವ ಅಂಗಡಿಗೆ ಹೋಗಿ, ಗಾಳಕ್ಕೆ ಕಟ್ಟುವ ಸೀಸ ಕೊಡಿ ಅಂದರೆ ತಟ್ಟೆ ತುಂಬ ಸುರಿಯುತ್ತಾರೆ. ಉರುಟಾದ್ದು ಬೇಡ. ಉದ್ದಕ್ಕೆ, ಎರಡೂ ತುದಿ ಸಪೂರ ಇರುವುದನ್ನು ಆರಿಸಿ. ಅದು ಎಲೆಗಳ ಎಡೆಯಲ್ಲಿ ಜಾರಿ ಬರುತ್ತದೆ, ಕವಲಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ನಟ್ಟು, ಬೋಲ್ಟು ಕಟ್ಟಿ ಹೊಡೆಯುವವರು ಇದ್ದಾರೆ. ಮೇಲೆ ಹೋಗುವಾಗ ತೊಂದರೆ ಇಲ್ಲ, ಬರುವಾಗ ಬೋಲ್ಟಿನ ತಲೆ ಎಲ್ಲಾದರೂ ಕಚ್ಚಿಕೊಳ್ಳುತ್ತದೆ. ಸೀಸಕ್ಕೆ ಕಿತ್ತಳೆ ಬಣ್ಣದ ಟೇಪ್ ಸುತ್ತಿ. ಇಲ್ಲದಿದ್ದರೆ ಹಸಿರಿನ ನಡುವೆ ಅದು ಎಲ್ಲಿ ನೇತಾಡುತ್ತಿದೆ ಅಂತ ಕತ್ತು ನೋಯುವವರೆಗೆ ಹುಡುಕಬೇಕು. ಮುಟ್ಟಿದ ಮೇಲೆ ಕೈ ತೊಳೆಯಿರಿ, ಸೀಸ ಹೊಟ್ಟೆಗೆ ಹೋಗಬಾರದು. ತಂಗೂಸಿ 0.40 ಎಂಎಂ ಸಾಕು.

ತಂಗೂಸಿ ಗಂಟಾಗದೆ ಬಿಚ್ಚಿಕೊಂಡು ಹೋಗುವುದು ಮುಖ್ಯ. ಗಾಳದ ರೀಲ್ ಇದ್ದವರು ಅದನ್ನೇ ಕವೆಯ ಕೆಳಗೆ ಕಟ್ಟಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಗೆರಸೆ ಉಂಟು. ತಂಗೂಸಿಯನ್ನು ಗೆರಸೆಯಲ್ಲಿ ಸಡಿಲವಾಗಿ, ಒಂದು ಸುತ್ತಿನ ಮೇಲೆ ಇನ್ನೊಂದು ಬರುವಂತೆ ಹಾಕುತ್ತಾ ಬರಬೇಕು. ಸೀಸದ ತುದಿ ಮೇಲೆ, ಇನ್ನೊಂದು ತುದಿ ಕಾಲಿನ ಕೆಳಗೆ. ಸೀಸ ಹೋದಾಗ ಗೆರಸೆಯಿಂದ ತಂಗೂಸಿ ಏಳುವುದನ್ನು ನೋಡಬೇಕು ನೀವು. ಮೇಲಿನ ಸುತ್ತು ಮಾತ್ರ ಏಳುತ್ತದೆ, ಕೆಳಗಿನದ್ದು ಅಲುಗುವುದೂ ಇಲ್ಲ. ಅಕ್ಕಿ ಕೇರಲು ಗೆರಸೆ ಬೇಕಾದಾಗಲೇ ಅತ್ತೆಗೆ ಅದರಲ್ಲಿ ತಂಗೂಸಿ ಕಾಣುತ್ತದೆ. "ಎಂತ ಮಗಾ, ಮೀನು ಹಿಡಿಯುವುದಾ ನೀನು ಮರದಲ್ಲಿ?" ಅಂತ ಅವರದ್ದು ಯಾವಾಗಲೂ ಇದ್ದದ್ದೇ.

ಹೊತ್ತು ಬೆಳಿಗ್ಗೆಯೇ ಆಗಬೇಕು. ಬಿಸಿಲು ಏರಿದ ಮೇಲೆ ಕಡಲ ಗಾಳಿ ಶುರುವಾಗುತ್ತದೆ. ತಂಗೂಸಿಗೆ ಆ ಗಾಳಿ ಸಿಕ್ಕಿದರೆ ಸೀಸ ಒಂದು ಕಡೆ, ದಾರ ಇನ್ನೊಂದು ಕಡೆ. ಬೇಕಾದ ಗೆಲ್ಲಿಗೇ ಗುರಿ ಇಡಬೇಡಿ, ಅದಕ್ಕಿಂತ ಒಂದು ಹತ್ತು ಅಡಿ ಮೇಲೆ ಇಡಿ. ಬುಡದಿಂದ ಸ್ವಲ್ಪ ದೂರ ನಿಂತು, ಹೆಚ್ಚುಕಡಿಮೆ ನೆಟ್ಟಗೆ ಹೊಡೆಯಿರಿ. ಓರೆಯಾಗಿ ಹೊಡೆದರೆ ಮರ ದಾಟಿದ ಮೇಲೂ ಸೀಸಕ್ಕೆ ವೇಗ ಇರುತ್ತದೆ, ಆಚೆ ಮನೆಯ ಮಾಡಿಗೆ ಹೋಗಿ ಬೀಳುತ್ತದೆ. ಹಳೇ ಮಂಗಳೂರು ಹಂಚಿನ ಮಾಡು ಆದರಂತೂ ಮುಗಿಯಿತು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಶುರು ಮಾಡಿದ ಹಂಚು. ಈಗ ಆ ಅಳತೆಯ ಹಂಚು ಬೇಕೆಂದರೆ ಮನೆ ಕೆಡವಿದವರ ಹಿತ್ತಿಲಲ್ಲಿ ಹುಡುಕಬೇಕು.

ಹಂಚು ಹೋದರೆ ಹೋಗಲಿ, ಇನ್ನೊಂದು ತರಬಹುದು. ಕರೆಂಟಿನ ತಂತಿ ಹಾಗಲ್ಲ. ನಮ್ಮ ಕಡೆ ಮೆಸ್ಕಾಂ ಲೈನ್ ತೋಟದ ನಡುವೆ, ಮರಗಳ ಎಡೆಯಲ್ಲೇ ಹೋಗುತ್ತದೆ. ಸೊಪ್ಪಿನ ಮರೆಯಲ್ಲಿ ಕಾಣುವುದೂ ಇಲ್ಲ. ಮರದ ಈಚೆ ನೋಡಿದರೆ ಸಾಲದು. ಆಚೆ ಹೋಗಿ, ಒಂದು ಸುತ್ತು ಬಂದು, ಸೀಸ ಗುರಿ ತಪ್ಪಿದರೆ ಎಲ್ಲೆಲ್ಲಿ ಬೀಳಬಹುದು ಅಂತ ನೋಡಿಕೊಳ್ಳಿ. ಆ ವ್ಯಾಪ್ತಿಯಲ್ಲಿ ಒಂದು ಲೈನ್ ಇದ್ದರೂ ಆ ಮರ ಬೇಡ. ಎಷ್ಟೇ ಚೆಂದದ ಮರ ಆಗಿರಲಿ, ಬೇಡ. ಇದರಲ್ಲಿ ಚರ್ಚೆ ಮಾಡುವವರ ಹತ್ತಿರ ನಾನು ಮಾತಾಡುವುದಿಲ್ಲ.

ಸರಿ, ಹೊಡೆದಾಯಿತು. ಸೀಸ ಗೆಲ್ಲು ದಾಟಿತು. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಕೆಲಸ ಶುರುವಾಗುವುದೇ ಇಲ್ಲಿಂದ. ಎಲ್ಲರೂ ನನ್ನ ಹತ್ತಿರ ಕೇಳುವುದು ಎಷ್ಟು ಎತ್ತರ ಹೊಡೆಯುತ್ತೀರಿ ಅಂತ. ಸೀಸ ಕೆಳಗೆ ಹೇಗೆ ತರುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಸೀಸ ಮೇಲೆಯೇ ನೇತಾಡಿಕೊಂಡು ಉಳಿದರೆ ಹೊಡೆದು ಪ್ರಯೋಜನ ಏನು?

ತೊಗಟೆಯ ಮೇಲೆ ತಂಗೂಸಿಗೆ ಹಿಡಿತ ಸಿಗುತ್ತದೆ. ಜೊತೆಗೆ ಎಲೆ, ಕಡ್ಡಿ, ಬಂದಳಿಕೆ. ಹಗುರದ ಸೀಸ ಚೆಂದ ಹಾರುತ್ತದೆ, ಆದರೆ ಈ ಹಿಡಿತವನ್ನು ಮೀರಿ ಇಳಿಯುವಷ್ಟು ಭಾರ ಅದಕ್ಕಿಲ್ಲ. ಭಾರ ಜಾಸ್ತಿಯಾದರೆ ಇಳಿಯುತ್ತದೆ, ಆದರೆ ಅಷ್ಟು ಮೇಲೆ ಹೋಗುವುದಿಲ್ಲ. ನಮ್ಮ ಹಿತ್ತಿಲಿನ ಮರಗಳಿಗೆ 50 ಗ್ರಾಂ ಹೊಂದುತ್ತದೆ. ಆದರೂ ಎಷ್ಟೋ ಸಲ ಅರ್ಧದಲ್ಲಿ ನಿಲ್ಲುತ್ತದೆ. ಆಗ ದಾರವನ್ನು ಸ್ವಲ್ಪ ಎಳೆದು, ಸೀಸವನ್ನು ಒಂದು ಮೊಳ ಮೇಲೆತ್ತಿ, ತಟ್ಟನೆ ಬಿಡಬೇಕು. ಮತ್ತೆ ಎತ್ತಿ, ಮತ್ತೆ ಬಿಡಬೇಕು. ಪ್ರತಿ ಸಲ ಒಂದು ಗೇಣು, ಅರ್ಧ ಗೇಣು ಇಳಿಯುತ್ತದೆ. ಬಾವಿಯಲ್ಲಿ ಕೊಡ ಮುಳುಗಿಸಲು ಹಗ್ಗ ಕುಲುಕುತ್ತೇವಲ್ಲ, ಕೈಗೆ ಅದೇ ಅಭ್ಯಾಸ. ನಮ್ಮವರಿಗೆ ಈ ತಾಳ್ಮೆ ಇಲ್ಲ. ಒಂದು ಗಂಟೆ ಕೂತು ಮೋರ್ಸ್ ಕೇಳುತ್ತಾರೆ, ಐದು ನಿಮಿಷ ದಾರ ಕುಲುಕಲಿಕ್ಕೆ ಆಗುವುದಿಲ್ಲ.

ಸಿಕ್ಕಿಹಾಕಿಕೊಂಡರೆ? ಜೋರಾಗಿ ಜಗ್ಗಬೇಡಿ. ತಂಗೂಸಿ ಎಳೆದಷ್ಟೂ ಹಿಗ್ಗುತ್ತದೆ. ಬಿಟ್ಟುಕೊಂಡ ಕ್ಷಣಕ್ಕೆ ಸೀಸ ನೇರ ನಿಮ್ಮ ಮುಖಕ್ಕೇ ಹೊರಟು ಬರುತ್ತದೆ. ಜಗ್ಗಲೇಬೇಕಾದರೆ ಕನ್ನಡಕ, ಹೆಲ್ಮೆಟ್ ಹಾಕಿ, ಬೆನ್ನು ತಿರುಗಿಸಿ, ದಾರವನ್ನು ಕೋಲಿಗೆ ಸುತ್ತಿ ನಡೆದುಕೊಂಡು ಹೋಗಿ. ತುಂಡಾದರೆ ಆಗಲಿ.

ಸೀಸ ಕೈಗೆ ಸಿಕ್ಕಿದ ಮೇಲೆ ನೋಡುತ್ತೀರಿ, ದಾರ ಬೇರೆ ಗೆಲ್ಲಿನ ಮೇಲೆ ಹೋಗಿದೆ. ಅದನ್ನು ವಾಪಸ್ ಎಳೆಯಬೇಕು. ಮೊದಲು ಸೀಸ ಬಿಚ್ಚಿ, ಆಮೇಲೆ ಎಳೆಯಿರಿ. ಸೀಸ ಕಟ್ಟಿದ್ದ ಹಾಗೆಯೇ ಎಳೆದರೆ ಗೆಲ್ಲಿನ ಹತ್ತಿರ ಬಂದಾಗ ಅದು ಗಿರ್ ಅಂತ ಸುತ್ತಿಕೊಂಡು ಕೂರುತ್ತದೆ. ಹೀಗೆ ಉಳಿದ ಸೀಸಗಳು ಉಡುಪಿ ಜಿಲ್ಲೆಯ ಎಷ್ಟು ಮರಗಳಲ್ಲಿ ಇವೆಯೋ.

ತಂಗೂಸಿಗೆ ನೇರವಾಗಿ ದಪ್ಪ ಹಗ್ಗ ಕಟ್ಟಿ ಎಳೆಯುವ ಹಾಗಿಲ್ಲ. ನಡುವೆ ಹುರಿ ಬೇಕು. ತಂಗೂಸಿಯಲ್ಲಿ 2 ಎಂಎಂ ನೈಲಾನ್ ಹುರಿ, ಹುರಿಯಲ್ಲಿ 6 ಎಂಎಂ ಹಗ್ಗ. ಜೋಡಿಸಿದ ಜಾಗದಲ್ಲಿ ಗಂಟು ಉಬ್ಬಬಾರದು. ಎರಡನ್ನೂ ಉದ್ದಕ್ಕೆ ಒಂದರ ಪಕ್ಕ ಒಂದು ಇಟ್ಟು, ಬಿಗಿಯಾಗಿ ಸುತ್ತಿ, ಇನ್ಸುಲೇಶನ್ ಟೇಪ್ ಹಾಕಿ ಇಲಿಯ ಬಾಲದ ಹಾಗೆ ಸಪೂರ ಮಾಡಬೇಕು. ಕವಲಿನಲ್ಲಿ ಸಿಕ್ಕಿಕೊಳ್ಳುವುದು ಯಾವಾಗಲೂ ಈ ಜೋಡಿಸಿದ ಜಾಗವೇ.

"ಇಷ್ಟೆಲ್ಲ ಯಾಕೆ, ಡ್ರೋನ್ ಇಲ್ವಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಮದುವೆ ವಿಡಿಯೋ ಮಾಡುವ ಹುಡುಗರು ಎಲ್ಲರ ಹತ್ತಿರವೂ ಈಗ ಅದು ಉಂಟು. ಬಯಲಲ್ಲಿ ಒಂಟಿ ಮರ ಇದ್ದರೆ ಆದೀತು. ಒತ್ತೊತ್ತಾದ ತೋಟದಲ್ಲಿ ದಾರ ರೆಕ್ಕೆಗೆ ಸಿಕ್ಕಿದರೆ ಡ್ರೋನ್ ಮರದಲ್ಲಿ. ಅದನ್ನು ತರಲಿಕ್ಕೆ ಪುನಃ ಕ್ಯಾಟರ್‌ಬಿಲ್ಲೇ ಬೇಕು. ಬಜಪೆ ವಿಮಾನ ನಿಲ್ದಾಣದ ಸುತ್ತಮುತ್ತ ಆದರೆ ಕಾನೂನಿನ ತಕರಾರು ಬೇರೆ. ಅಡಿಕೆಗೆ ಮದ್ದು ಬಿಡುವ ಉದ್ದದ ದೋಟಿಯಲ್ಲಿ ದಾರ ಏರಿಸುವವರೂ ಇದ್ದಾರೆ. ಸಣ್ಣ ಮಾವಿನ ಮರಕ್ಕೆ ಒಳ್ಳೆಯ ಉಪಾಯ. ಆದರೆ ಈಗ ಬರುವುದು ಕಾರ್ಬನ್ ಫೈಬರ್ ದೋಟಿ, ಅದರಲ್ಲಿ ಕರೆಂಟ್ ಹರಿಯುತ್ತದೆ. ಲೈನಿನ ಹತ್ತಿರ ಅದನ್ನು ಎತ್ತುವುದು ಪ್ರಾಣಕ್ಕೇ ಅಪಾಯ. ಆಂಟೆನಾದ ಕಂಬವಾಗಿ ಅದನ್ನೇ ನಿಲ್ಲಿಸಿ ಅದರ ಪಕ್ಕ ತಂತಿ ಇಳಿಸುವುದೂ ಇದೇ ಕಾರಣಕ್ಕೆ ಬೇಡ. ಫೈಬರ್ ಗ್ಲಾಸಿನ ಕೋಲಾದರೆ ತೊಂದರೆ ಇಲ್ಲ. ಇನ್ನು ಬಂಟ್ವಾಳದ ಸಜಿಪಮೂಡದ ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಬೈಕ್. ಒಳ್ಳೆಯ ಸಾಧನ, ಆದರೆ ಅದು ಹತ್ತುವುದು ಅಡಿಕೆ, ತೆಂಗು. ನನ್ನ ಕಾಟು ಮಾವಿಗೆ ಅದರಿಂದ ಉಪಕಾರ ಇಲ್ಲ.

ಹಗ್ಗ ಏರಿತು, ತಂತಿ ಕಟ್ಟಿಯಾಯಿತು, ಎಸ್‌ಡಬ್ಲ್ಯುಆರ್ (ಆಂಟೆನಾ ರೇಡಿಯೋಗೆ ಹೊಂದಿದೆಯಾ ಅಂತ ತೋರಿಸುವ ಅಳತೆ) ಸರಿ ಬಂತು. ಬೇರೆ ಊರಿನಲ್ಲಾದರೆ ಇಲ್ಲಿಗೆ ಮುಗಿಯುತ್ತಿತ್ತೇನೋ. ನಮ್ಮಲ್ಲಿ ಜೂನ್ ಬರುತ್ತದೆ.

ಗಾಳಿಮಳೆಗೆ ಮರ ತೂಗುತ್ತದೆ. ಎರಡು ಮರ ಒಂದೇ ಹೊತ್ತಿಗೆ ಒಂದೇ ಕಡೆ ತೂಗುವುದಿಲ್ಲ. ಒಂದು ಈ ಕಡೆ, ಇನ್ನೊಂದು ಆ ಕಡೆ. ನಡುವೆ ಬಿಗಿಯಾಗಿ ಕಟ್ಟಿದ ತಂತಿ ಮೊದಲ ಗಾಳಿಗೇ ತುಂಡು. ಇದಕ್ಕೆ ಉಪಾಯ ಉಂಟು. ಗೆಲ್ಲಿನ ಮೇಲೆ ಹೋದ ಹಗ್ಗಕ್ಕೆ ತಂತಿಯನ್ನೇ ಕಟ್ಟಬೇಡಿ, ಒಂದು ಸಣ್ಣ ರಾಟೆ ಕಟ್ಟಿ. ದೋಣಿಗೆ ಹಾಕುವ ಸ್ಟೇನ್‌ಲೆಸ್ ಸ್ಟೀಲ್ ರಾಟೆ ಮಲ್ಪೆಯಲ್ಲೇ ಸಿಗುತ್ತದೆ. ರಾಟೆಯೊಳಗೆ ಇನ್ನೊಂದು ಹಗ್ಗ ತೂರಿಸಿ, ಆಮೇಲೆ ರಾಟೆಯನ್ನು ಮೇಲಕ್ಕೆ ಎಳೆದು, ಗೆಲ್ಲಿನ ಹಗ್ಗವನ್ನು ಬುಡಕ್ಕೆ ಗಟ್ಟಿಯಾಗಿ ಕಟ್ಟಿ. ಅದು ಇನ್ನು ಅಲುಗುವುದಿಲ್ಲ, ತೊಗಟೆಯನ್ನು ಗರಗಸದ ಹಾಗೆ ಕುಯ್ಯುವುದೂ ಇಲ್ಲ. ಅಲುಗುವುದು ರಾಟೆಯೊಳಗಿನ ಹಗ್ಗ ಮಾತ್ರ. ಅದರ ಒಂದು ತುದಿಗೆ ಆಂಟೆನಾ, ಇನ್ನೊಂದು ತುದಿಗೆ ಭಾರ. ಭಾರಕ್ಕೆ ನಮ್ಮಲ್ಲಿ ಇರುವುದು ತೆಂಗಿನೆಣ್ಣೆಯ 5 ಲೀಟರ್ ಕ್ಯಾನ್, ಒಳಗೆ ಮರಳು. ಗಾಳಿ ಬಂದರೆ ಕ್ಯಾನ್ ಮೇಲೆ ಹೋಗುತ್ತದೆ, ಗಾಳಿ ನಿಂತರೆ ಕೆಳಗೆ ಬರುತ್ತದೆ. ಜುಲೈಯ ಗಾಳಿಯಲ್ಲಿ ಜಗಲಿಯಲ್ಲಿ ಕೂತು ಆ ಕ್ಯಾನ್ ನೋಡಿದರೆ ಮೇಲೆ ಮರ ಎಷ್ಟು ಆಡುತ್ತಿದೆ ಅಂತ ಗೊತ್ತಾಗುತ್ತದೆ. ಕ್ಯಾನಿನ ಕೆಳಗೆ ಮಾತ್ರ ಯಾರೂ ನಿಲ್ಲಬಾರದು, ಮಕ್ಕಳಂತೂ ಹೋಗಲೇಬಾರದು.

ಇನ್ನೊಂದು ಸಣ್ಣ ವಿಷಯ. ರಾಟೆಯ ಹಗ್ಗವನ್ನು ದುಪ್ಪಟ್ಟು ಉದ್ದ ಇಟ್ಟು, ಎರಡು ತುದಿ ಸೇರಿಸಿ ಒಂದು ಸುತ್ತು ಮಾಡಿಡಿ. ತಂತಿ ತುಂಡಾದರೆ ಹಗ್ಗದ ತುದಿ ರಾಟೆಯಿಂದ ಸರ್ರನೆ ಹೊರಗೆ ಬಂದು ಬೀಳುವುದಿಲ್ಲ. ಸುತ್ತು ಇದ್ದರೆ ಎಳೆದು ಕೆಳಗೆ ತರಬಹುದು. ಇಲ್ಲದಿದ್ದರೆ ಸುರಿಯುವ ಮಳೆಯಲ್ಲಿ ಪುನಃ ಗೆರಸೆ, ಸೀಸ.

ಹಗ್ಗ ಯಾವುದು ಅನ್ನುವುದೂ ಮುಖ್ಯ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಅಗ್ಗದ ಪಾಲಿಪ್ರೊಪಿಲೀನ್ ಬಿಸಿಲಿಗೆ ಪುಡಿಯಾಗುತ್ತದೆ, ಹಿಡಿದರೆ ಕೈಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಹೆಣೆದ ಪಾಲಿಯೆಸ್ಟರ್ ತನ್ನಿ. ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಗೆಲ್ಲಿನ ಹಗ್ಗ ಸಡಿಲಿಸಿ ಸ್ವಲ್ಪ ಜರುಗಿಸಿ. ಹಾಗೇ ಬಿಟ್ಟರೆ ಮರ ಬೆಳೆಯುತ್ತಾ ಹಗ್ಗವನ್ನು ನುಂಗುತ್ತದೆ, ಆಮೇಲೆ ಬಿಡಿಸಲಿಕ್ಕೆ ಆಗುವುದಿಲ್ಲ. ಮಲ್ಪೆ, ಪಡುಕೆರೆಯಂಥ ಕಡಲ ಬದಿಯಲ್ಲಿ ಇರುವವರು ಕನೆಕ್ಟರನ್ನು ಇನ್ನೂ ಬೇಗ ನೋಡಬೇಕು, ತಾಮ್ರ ಬೇಗ ಹಸಿರಾಗುತ್ತದೆ. ನಾವು ಹಿರಿಯಡಕದ ಕಡೆ, ಕಡಲಿಂದ ದೂರ. ನಮ್ಮದು ಮಂಗನ ಸಮಸ್ಯೆ. ತಂತಿ ಹಿಡಿದು ನೇತಾಡುತ್ತವೆ, ಆಂಟೆನಾದಿಂದ ರೇಡಿಯೋಗೆ ಬರುವ ಕೋಆಕ್ಸ್ ಕೇಬಲ್ ಕಚ್ಚಿ ನೋಡುತ್ತವೆ. ಮರಳಿನ ಕ್ಯಾನ್ ಇರುವುದರಿಂದ ತಂತಿ ತುಂಡಾಗುವುದಿಲ್ಲ, ಮಂಗ ಕೂತರೆ ಕೆಳಗೆ ಜಗ್ಗುತ್ತದೆ ಅಷ್ಟೇ. ಅವಕ್ಕೆ ಅದೊಂದು ಉಯ್ಯಾಲೆ.

ಸಿಡಿಲಿನ ಬಗ್ಗೆ ಹೇಳದೆ ಬಿಡುವ ಹಾಗಿಲ್ಲ. ಜುಲೈ ಮಳೆಗಿಂತ ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಯ ಮಳೆಗೆ ಹೆದರಬೇಕು. ಎತ್ತರದ ಮರ, ಅದಕ್ಕೊಂದು ತಂತಿ, ತಂತಿಯ ಇನ್ನೊಂದು ತುದಿ ನಿಮ್ಮ ಮೇಜಿನ ಮೇಲೆ. ಬಳಸದೆ ಇರುವಾಗ ಕೇಬಲ್ ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಿ. ಗುಡುಗು ಶುರುವಾದ ಮೇಲೆ ಬಿಚ್ಚಲಿಕ್ಕೆ ಹೋಗಬೇಡಿ, ಮೊದಲೇ ಬಿಚ್ಚಿ. ಸಿಡಿಲಿನ ಕರೆಂಟನ್ನು ನೆಲಕ್ಕೆ ಇಳಿಸುವ ಅರೆಸ್ಟರ್ ಹಾಕುವವರು ಹಾಕಿ, ಆದರೆ ಅದಕ್ಕೆ ಒಳ್ಳೆಯ ಅರ್ಥಿಂಗ್ ಬೇಕು. ನಮ್ಮ ಮುರಕಲ್ಲಿನ ನೆಲದಲ್ಲಿ ಅದೇ ಕಷ್ಟ. ಸರಳು ಇಳಿಯುವುದಿಲ್ಲ, ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಸಿಗುವುದೂ ಇಲ್ಲ. ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ, ಸೆಕೆಗಾಲದಲ್ಲಿ ನೀರು ಹೊಯ್ಯಬೇಕು.

ನೆರೆಕರೆಯವರ ವಿಷಯಕ್ಕೆ ಬರುತ್ತೇನೆ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವುದರಿಂದ ಊರಿನಲ್ಲಿ ಎಲ್ಲರಿಗೂ ಟೀಚರ್. ಮೊದಲ ತಂತಿ ಹಾಕಿದಾಗ ಪಕ್ಕದ ಮನೆಯವರು ಕಂಪೌಂಡಿನ ಹತ್ತಿರ ನಿಂತು, "ಎಂತ ಟೀಚರೇ, ಮೊಬೈಲ್ ಟವರಾ? ಬಾಡಿಗೆ ಎಷ್ಟು ಕೊಡ್ತಾರೆ?" ಅಂತ ಕೇಳಿದರು. ಬಾಡಿಗೆ ಇಲ್ಲ, ನಾವೇ ಖರ್ಚು ಮಾಡುವುದು ಅಂದದ್ದಕ್ಕೆ ಅವರಿಗೆ ತುಂಬ ಬೇಸರವಾಯಿತು. ಒಳಗೆ ಕರೆದು ಕೂರಿಸಿ ಕೇಳಿಸಿದೆ. ಇಟಲಿಯ ಒಬ್ಬರು ನಮ್ಮವರ ಕರೆಸಂಕೇತ ಹೇಳುತ್ತಿದ್ದರು. "ಫೋನ್ ಮಾಡಿದರೆ ಇದಕ್ಕಿಂತ ಸರಿ ಕೇಳ್ತಿತ್ತಲ್ಲ ಮಾರಾಯ್ರೆ," ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಚಾ ಕೊಟ್ಟೆ.

ಆಟಿ ಅಮಾವಾಸ್ಯೆಯದ್ದು, ಅಂದರೆ ತುಳುವಿನ ಆಟಿ ತಿಂಗಳ ಅಮಾವಾಸ್ಯೆಯದ್ದು, ಬೇರೆಯೇ ಕಥೆ. ನಮ್ಮ ಹಿತ್ತಿಲಿನ ಪಾಲೆ ಮರಕ್ಕೆ ಆ ದಿನ ನಸುಕಿಗೆ ಸುತ್ತಿನವರೆಲ್ಲ ಬರುತ್ತಾರೆ. ಕತ್ತಿ ತಾಗಿಸಬಾರದು, ಕಲ್ಲಿನಲ್ಲಿ ಜಜ್ಜಿ ತೊಗಟೆ ತೆಗೆದು ಕಷಾಯ ಮಾಡಿ ಕುಡಿಯುವ ಕ್ರಮ. ನಾನು ಆ ವರ್ಷ ಹೊಸದಾಗಿ ಪಾಲೆಗೆ ರಾಟೆ ಏರಿಸಿದ್ದೆ. ಕತ್ತಲೆಯಲ್ಲಿ ಬಂದವರಿಗೆ ಬುಡಕ್ಕೆ ಸುತ್ತಿದ ಕಪ್ಪು ಹಗ್ಗ, ತಲೆಯ ಮಟ್ಟಕ್ಕೆ ನೇತಾಡುತ್ತಾ ತಿರುಗುವ ಒಂದು ಕ್ಯಾನ್ ಕಂಡಿದೆ. ಯಾರೋ ಮಾಟ ಮಾಡಿಸಿದ್ದಾರೆ ಅಂತಲೇ ತೀರ್ಮಾನ. ತೊಗಟೆ ಬಿಟ್ಟು ಎಲ್ಲರೂ ಅಂಗಳಕ್ಕೆ ಬಂದು ಅತ್ತೆಯನ್ನು ಎಬ್ಬಿಸಿದರು. ಅತ್ತೆ ಹೊರಗೆ ಬಂದು ಹೇಳಿದ್ದು ಇಷ್ಟೇ: "ಅದು ನಮ್ಮ ಸೊಸೆದು." ಅದನ್ನು ಅವರು ಹೇಗೆ ತಗೊಂಡರೋ ಗೊತ್ತಿಲ್ಲ, ಯಾರೂ ಮುಂದೆ ಏನೂ ಕೇಳಲಿಲ್ಲ. ಈಗ ಕ್ಯಾನಿಗೆ ಬಿಳಿ ಪೇಂಟ್ ಹೊಡೆದು, ಕೆಂಪಕ್ಷರದಲ್ಲಿ ರೇಡಿಯೋ ಅಂತ ಬರೆಸಿದ್ದೇನೆ. ಆಟಿ ಅಮಾವಾಸ್ಯೆಯ ಹಿಂದಿನ ದಿನ ಅದನ್ನು ಇಳಿಸಿಯೂ ಇಡುತ್ತೇನೆ.

ಈ ಕೈಚಳಕದ ಸುದ್ದಿ ಊರಿಡೀ ಹೋಗಿದೆ. ಮಾಡಿನ ಮೇಲೆ ಬಾಗಿದ ಗೆಲ್ಲು ಕಡಿಯುವ ಮೊದಲು ಹಗ್ಗ ಹಾಕಬೇಕಾದರೆ ನನಗೆ ಫೋನ್ ಬರುತ್ತದೆ. ಅಷ್ಟಮಿಯ ಮೊಸರುಕುಡಿಕೆಗೆ ಮಡಕೆ ಕಟ್ಟುವ ಹಗ್ಗವನ್ನು ಎರಡು ಮರಗಳ ಮೇಲೆ ಏರಿಸಿ ಕೊಡಿ ಅಂತ ಯುವಕ ಮಂಡಲದ ಹುಡುಗರು ಬಂದಿದ್ದರು. ಅವರಲ್ಲಿ ಅರ್ಧ ಜನ ನನ್ನ ಹತ್ತಿರ ಲೆಕ್ಕ ಕಲಿತವರೇ. ಏರಿಸಿ ಕೊಡುತ್ತೇನೆ, ಆದರೆ ನನ್ನದೂ ಒಂದು ಕೆಲಸ ಉಂಟು ಅಂದೆ. 80 ಮೀಟರ್ ಬ್ಯಾಂಡಿಗೆ 40 ಮೀಟರ್ ಉದ್ದದ ತಂತಿ ಬೇಕು. ನಮ್ಮ ಹಿತ್ತಿಲಲ್ಲಿ ಅಷ್ಟು ಜಾಗ ಇಲ್ಲ, ಪಕ್ಕದ ಮನೆಯವರ ಗುಡ್ಡೆಯ ಕಾಟು ಮಾವಿನವರೆಗೆ ಹೋಗಬೇಕು. ಅವರು ಒಪ್ಪಿದ್ದಾರೆ, ಮಾವಿನಕಾಯಿ ಮಾತ್ರ ಉದುರಬಾರದಂತೆ. ನಡುವೆ ಮುಳ್ಳಿನ ಪೊದೆ, ಅದನ್ನು ಸವರಿ ದಾರಿ ಮಾಡುವುದು ಹುಡುಗರ ಪಾಲಿಗೆ. ಕತ್ತಿ, ಬೂಟು ಹಿಡಿದುಕೊಂಡು ಭಾನುವಾರ ಬರುತ್ತೇವೆ ಅಂದಿದ್ದಾರೆ. ಹತ್ತು ಗಂಟೆಗೆ ಬಂದರೆ ಗಾಳಿ ಶುರುವಾಗಿರುತ್ತದೆ, ಏಳಕ್ಕೇ ಬನ್ನಿ ಅಂತ ಹೇಳಿ ಕಳಿಸಿದ್ದೇನೆ.